ಮೂರು ಕೊಟೇಶನ್ ಕೈಯಲ್ಲಿದೆ, ಅಡುಗೆಮನೆ ಕೆಲಸ ಯಾರಿಗೆ ಕೊಡೋದು?

ಒಲೆಮುಂದೆ (ಪ್ರಶ್ನೆ)

ಮೈಸೂರಲ್ಲಿ ಗ್ರೌಂಡ್ ಫ್ಲೋರ್ ಮನೆ, ಕಟ್ಟಿ ಇಪ್ಪತ್ತೈದು ವರ್ಷ ಆಗಿದೆ. ಅಡುಗೆಮನೆ ಎಲ್ ಆಕಾರ: ಒಂದು ಗೋಡೆ 10 ಅಡಿ, ಇನ್ನೊಂದು 8 ಅಡಿ. ಕಡಪ ಕಲ್ಲಿನ ಪಾರ್ಟಿಷನ್ ಮೇಲೆ ಗ್ರಾನೈಟ್ ಕಟ್ಟೆ ಇದೆ, ಕೆಳಗೆ ಬಾಗಿಲಿಲ್ಲ. ಕೆಳಗಡೆ ಪೂರ್ತಿ ಬಾಗಿಲು, ಮೂರು ಕಡೆ ಡ್ರಾಯರ್, ಒಂದು ಗೋಡೆಗೆ ಮೇಲಿನ ಕಪಾಟು, ಅಟ್ಟಕ್ಕೆ ಬಾಗಿಲು, ಚಿಮಣಿ. ಇಷ್ಟು ಬೇಕು.

ಒಂದು, ಕಂಪನಿ ಶೋರೂಮ್: 3,60,000, ಎಚ್‌ಡಿಎಚ್‌ಎಂಆರ್ ಬೋರ್ಡ್ (ತೇವ ತಡೆಯೋ, ಮರದ ನಾರು ಒತ್ತಿ ಮಾಡಿದ ಹಲಗೆ), ಹತ್ತು ವರ್ಷ ವಾರಂಟಿ, 45 ದಿನ. ಹಳೇ ಕಟ್ಟೆ ಒಡೆಯಲೇಬೇಕು ಅಂತಾರೆ. ಎರಡು, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆಯ ವರ್ಕ್‌ಶಾಪ್: 2,45,000, "ಬಿಡಬ್ಲ್ಯೂಪಿ ಪ್ಲೈ, ಬ್ರ್ಯಾಂಡೆಡ್ ಹಾರ್ಡ್‌ವೇರ್" (ಬಿಡಬ್ಲ್ಯೂಪಿ ಅಂದರೆ ಕುದಿಯೋ ನೀರಿಗೂ ಜಗ್ಗದ್ದು), ಚದರಡಿ ಲೆಕ್ಕ. ಮೂರು, ಕಾರ್ಪೆಂಟರ್: ಸಾಮಾನು ನಮ್ಮದು, ಕೂಲಿ ಅವರದು, ಒಟ್ಟು ಎರಡು ಲಕ್ಷದ ಆಸುಪಾಸು ಅಂತಾರೆ. ಯಾರಿಗೆ ಕೊಡೋದು?

ರಸಮಟ್ಟ

ಈಗ ಇರೋ ಹಾಗೆ ಹೋಲಿಸೋಕೇ ಬರಲ್ಲ. ಮೂವರೂ ಮೂರು ಬೇರೆ ಅಡುಗೆಮನೆಗೆ ರೇಟ್ ಹಾಕಿದ್ದಾರೆ.

ಮೊದಲು ಚದರಡಿ ಲೆಕ್ಕದಲ್ಲಿ ಎಲ್ಲಿಂದ ಎಲ್ಲಿಗೆ ಟೇಪ್ ಹಿಡಿದಿದ್ದಾರೆ ಕೇಳಿ. 10 ಮತ್ತು 8 ಸೇರಿಸಿದರೆ 18 ಅಡಿ. ಆದರೆ ಮೂಲೆಯ 2 ಅಡಿ ಎರಡೂ ಗೋಡೆಗೆ ಸೇರಿದ್ದು, ಒಮ್ಮೆ ಮಾತ್ರ ಎಣಿಸಿದರೆ 16. ಎತ್ತರವನ್ನು ನೆಲದಿಂದ ಗ್ರಾನೈಟ್ ಮೇಲ್ಮೈವರೆಗೆ ಹಿಡಿದರೆ 34 ಇಂಚು. ಕೆಳಗಿನ 4 ಇಂಚು ಸ್ಕರ್ಟಿಂಗ್, ಮೇಲಿನ ಕಲ್ಲಿನ ದಪ್ಪ ಬಿಟ್ಟರೆ ಮರದ ಕೆಲಸ 29 ಇಂಚು ಮಾತ್ರ. ಹಾಗಾಗಿ ಒಬ್ಬರ ಬಿಲ್ಲಲ್ಲಿ 51 ಚದರಡಿ, ಇನ್ನೊಬ್ಬರದ್ದರಲ್ಲಿ 39 ಚದರಡಿ, ಅಡುಗೆಮನೆ ಅದೇ. ಚದರಡಿಗೆ 1,500 ರೂ. ಅಂದರೆ ಬರೀ ಟೇಪ್ ಹಿಡಿಯೋ ರೀತಿಗೆ 18,000 ರೂ. ವ್ಯತ್ಯಾಸ. ಕಪಾಟು ಕಪಾಟಿಗೆ ಅಗಲ, ಎತ್ತರ, ಆಳ ಬರೆದ ಪಟ್ಟಿ ಕೊಡಿ ಅಂತ ಕೇಳಿ. ಕೊಡಲ್ಲ ಅನ್ನೋರನ್ನ ಅಲ್ಲಿಗೇ ಬಿಡಿ.

ಆಮೇಲೆ ಬೋರ್ಡು. "ಬಿಡಬ್ಲ್ಯೂಪಿ" ಅನ್ನೋದು ಬಾಯಿಮಾತು. ಶೀಟಿನ ಮೇಲೆ ಐಎಸ್ 710 ಮುದ್ರೆ, ಜೊತೆಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರಬೇಕು. ಆ ನಂಬರನ್ನ ಸರ್ಕಾರದ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪಲ್ಲಿ ಹಾಕಿದರೆ ಯಾವ ಕಾರ್ಖಾನೆಗೆ ಕೊಟ್ಟ ಲೈಸೆನ್ಸ್ ಅಂತ ಬರುತ್ತೆ. ಐಎಸ್ 303 ಅಂತಿದ್ದರೆ ಅದು ಎಂಆರ್ (ತೇವ ತಡೆಯೋದು) ಅಥವಾ ಬಿಡಬ್ಲ್ಯೂಆರ್ (ಕುದಿಯೋ ನೀರನ್ನ ತಕ್ಕಮಟ್ಟಿಗೆ ತಡೆಯೋದು), ಒಂದು ಮೆಟ್ಟಿಲು ಕೆಳಗೆ. ಎಲ್ಲಾ ಕಡೆ 710 ಹಾಕಿ ದುಡ್ಡು ಸುರಿಯಬೇಕಾಗಿಲ್ಲ. ಸಿಂಕ್ ಕೆಳಗೆ, ಅದರ ಅಕ್ಕಪಕ್ಕ 710 ಕಡ್ಡಾಯ. ಮೇಲಿನ ಕಪಾಟಿಗೂ ಅಟ್ಟಕ್ಕೂ ಬಿಡಬ್ಲ್ಯೂಆರ್ ಸಾಕು. ಎಚ್‌ಡಿಎಚ್‌ಎಂಆರ್ ಕೆಟ್ಟದ್ದಲ್ಲ. ಬಾಗಲ್ಲ, ಕಪಾಟಿನ ಬಾಗಿಲಿಗೆ, ಅಂದರೆ ಶಟರ್‌ಗೆ ಚೆನ್ನಾಗೇ ಇರುತ್ತೆ. ಆದರೆ ಹಿಂಜ್ ಸ್ಕ್ರೂ ಎರಡು ಸಲ ಬಿಚ್ಚಿ ಹಾಕಿದರೆ ಪ್ಲೈವುಡ್‌ನಷ್ಟು ಹಿಡಿತ ಉಳಿಯಲ್ಲ.

"ಬ್ರ್ಯಾಂಡೆಡ್ ಹಾರ್ಡ್‌ವೇರ್" ಅಂದರೆ ಹಿಂಜ್ ಮಾತ್ರ ಹೆಟ್ಟಿಕ್ ಕಂಪನಿಯದ್ದು, ಡ್ರಾಯರ್ ಚಾನೆಲ್ (ಡ್ರಾಯರ್ ಜಾರೋ ಹಳಿ) ಯಾವುದೋ ಒಂದು ಅಂತಲೂ ಆಗಬಹುದು. ಪ್ರತಿ ಸಾಮಾನಿನ ಮಾಡೆಲ್ ಬರೆಸಿ. ಚಮಚದ ಡ್ರಾಯರ್‌ಗೆ 30 ಕಿಲೋ ಭಾರ ತಡೆಯೋ ಚಾನೆಲ್ ಸಾಕು, ಕುಕ್ಕರು, ಅಕ್ಕಿ ಡಬ್ಬ ಇಡೋ ಕಡೆ 50 ಕಿಲೋ ಬೇಕು. ಸ್ಟೀಲ್ ಬಾಸ್ಕೆಟ್ 304 ದರ್ಜೆಯದ್ದು ಅಂತ ಬಿಲ್ಲಲ್ಲೇ ಇರಲಿ. ಅಂಗಡಿಯಲ್ಲಿ ಆಯಸ್ಕಾಂತ ಹಿಡಿದು ತೋರಿಸೋದನ್ನ ನಂಬಬೇಡಿ, ಅಗ್ಗದ 202 ದರ್ಜೆ ಸ್ಟೀಲ್ ಕೂಡ ಆಯಸ್ಕಾಂತಕ್ಕೆ ಅಂಟಲ್ಲ.

ಕಡಪಕಲ್ಲು

ಮೇಲಿನದ್ದೆಲ್ಲ ಸರಿ, ಆದರೆ ಈ ಮನೆಯ ವಿಷಯ ಬೇರೆ. ಕಡಪ ಪಾರ್ಟಿಷನ್ ಗಟ್ಟಿ ಇದ್ದು, ಗ್ರಾನೈಟ್ ಬಿರುಕು ಬಿಡದೆ ಇದ್ದರೆ ಕಟ್ಟೆ ಯಾಕೆ ಒಡೀಬೇಕು? ಶೋರೂಮಿನವರು ಒಡೆಯಿರಿ ಅನ್ನೋದು ಅವರ ರೆಡಿಮೇಡ್ ಕಪಾಟಿನ ಪೆಟ್ಟಿಗೆ ಕೂರಿಸೋಕೆ ಅನುಕೂಲ ಅಂತ. ಒಡೆದರೆ ಹೊಸ ಗ್ರಾನೈಟ್, ಗೋಡೆ ಟೈಲ್ಸ್, ಕೆಲವು ಸಲ ನೆಲ, ಎಲ್ಲಾ ಹೊಸದಾಗಿ. ಅದು ಅವರ 3,60,000ದೊಳಗೆ ಇದೆಯಾ ಕೇಳಿ.

ಮೇಡಂ, ಒಂದು ಕೆಲಸ ಮಾಡಿ. ಪ್ರತಿ ಪಾರ್ಟಿಷನ್ ನಡುವಿನ ಅಗಲವನ್ನ ಮೇಲೆ, ನಡುವೆ, ಕೆಳಗೆ, ಮುಂದೆ ಒಂದು ಸಲ, ಹಿಂದೆ ಒಂದು ಸಲ ಅಳೆಯಿರಿ. ಹಳೇ ಮನೆಗಳಲ್ಲಿ ಮೇಲೆ 24 ಇಂಚು, ಕೆಳಗೆ ಇಪ್ಪತ್ಮೂರೂವರೆ ಇರೋದು ಮಾಮೂಲು. ಮಷೀನ್ ಪೆಟ್ಟಿಗೆಯನ್ನ ಅತಿ ಕಡಿಮೆ ಅಳತೆಗಿಂತಲೂ 8–10 ಮಿ.ಮೀ. ಸಣ್ಣ ಮಾಡಬೇಕು. ಅದರ ಮೇಲೆ ಎರಡು ಬದಿಗೆ 18 ಮಿ.ಮೀ. ಪ್ಲೈ ಅಂದರೆ ಇನ್ನೊಂದು 36 ಹೋಯ್ತು. 597 ಮಿ.ಮೀ. (ಇಪ್ಪತ್ಮೂರೂವರೆ ಇಂಚು) ಕಿಂಡಿಯಲ್ಲಿ, ಅಂದರೆ ಎರಡು ಪಾರ್ಟಿಷನ್ ನಡುವಿನ ಜಾಗದಲ್ಲಿ, ಕೈಗೆ ಸಿಗೋದು 550 ಚಿಲ್ಲರೆ. ಪೆಟ್ಟಿಗೆಗೂ ಕಲ್ಲಿಗೂ ನಡುವಿನ ಸಂದು ಜಿರಳೆಗೆ ಮೀಸಲು.

ಬರೀ ಬಾಗಿಲು ಬರೋ ಕಡೆ ಪೆಟ್ಟಿಗೆಯೇ ಬೇಡ. ಕಲ್ಲಿನ ಮುಂಬದಿಗೆ ಪ್ಲೈ ಪಟ್ಟಿ ಕೂರಿಸಿ ಅದಕ್ಕೆ ಹಿಂಜ್ ಹಾಕಿದರೆ ಸಾಕು, ಇದು ಕಾರ್ಪೆಂಟರ್ ಕೆಲಸ. ಡ್ರಾಯರ್ ಇರೋ ಮೂರು ಕಿಂಡಿಗೆ ಮಾತ್ರ ಪೆಟ್ಟಿಗೆ. ಕಡಪಕ್ಕೆ ತೂತು ಹೊಡೆಯೋವಾಗ ಡ್ರಿಲ್‌ನ ಹ್ಯಾಮರ್ ಆಫ್ ಇರಬೇಕು, ಅಂಚಿನಿಂದ ಎರಡು ಇಂಚು ಒಳಗೆ ಹೊಡೀಬೇಕು. ಇಲ್ಲದಿದ್ದರೆ ಕಲ್ಲು ಪದರ ಪದರ ಏಳುತ್ತೆ.

ಆದರೆ ಶಟರ್ ಮಾತ್ರ ಮನೆಯ ಹಾಲ್‌ನಲ್ಲಿ ಕೂರಿಸಿ ಮಾಡಿಸಬೇಡಿ. ಕೈಯಲ್ಲಿ ಫೆವಿಕಾಲ್ ಬಳಿದು, ಮೇಲೆ ಇಟ್ಟಿಗೆ ಹೇರಿ ಒತ್ತಿದ, ಸನ್‌ಮೈಕಾ ಥರದ ಲ್ಯಾಮಿನೇಟ್‌ಗೂ ಪ್ರೆಸ್‌ನಲ್ಲಿ ಒತ್ತಿದ್ದಕ್ಕೂ ಅಜಗಜಾಂತರ. ಅಂಚಿನ ಪಟ್ಟಿಯೂ ಹಾಗೇ, ಮಷೀನಲ್ಲಿ ಬಿಸಿ ಅಂಟಿನಿಂದ ಕೂತದ್ದು ನಿಲ್ಲುತ್ತೆ, ಕೈಯಲ್ಲಿ ಅಂಟಿಸಿದ್ದು ಒಲೆ ಪಕ್ಕದಲ್ಲಿ ಮೊದಲು ಕಿತ್ತು ಬರುತ್ತೆ. ಹೊರಗೆ 1 ಮಿ.ಮೀ. ಲ್ಯಾಮಿನೇಟ್ ಹಾಕಿ ಒಳಗೆ ಬರೀ ಪೈಂಟ್ ಹೊಡೆದರೆ ಶಟರ್ ಬಿಲ್ಲಿನ ಹಾಗೆ ಬಾಗುತ್ತೆ. ಒಳಬದಿಗೂ ಕನಿಷ್ಠ 0.8 ಮಿ.ಮೀ. ಇರಲಿ.

ಒಲೆಮುಂದೆ

ಅಳೆದೆ. ಏಳು ಕಿಂಡಿಗಳಲ್ಲಿ ಐದು ವಕ್ರ, ಒಂದರಲ್ಲಿ 14 ಮಿ.ಮೀ. ವ್ಯತ್ಯಾಸ. ಗ್ರಾನೈಟ್ ಚೆನ್ನಾಗಿದೆ. ಹಿಂಗೋಡೆಗೆ ನೀರಿನ ಪೈಪ್ ಹೊರಗೇ ಹೋಗಿದೆ, ಅದೇ ಚಿಂತೆ. ಸಿಲಿಂಡರ್ ಕಟ್ಟೆ ಕೆಳಗೇ ಇದೆ.

ನಲ್ಲಿಬುಡ

ಪೈಪ್ ಇದ್ದರೆ ಡ್ರಾಯರ್ ಉದ್ದ ಈಗಲೇ ತೀರ್ಮಾನ ಆಗಬೇಕು. ಕಟ್ಟೆಯ ಆಳ 24 ಇಂಚು ಅಂದರೆ ಸುಮಾರು 610 ಮಿ.ಮೀ. ಮುಂದೆ ಕಲ್ಲು ಹೊರಚಾಚಿರೋದು, ಶಟರ್ ದಪ್ಪ ಎಲ್ಲಾ ಕಳೆದು ಒಳಗೆ 550 ಸಿಗಬಹುದು. ಪೈಪು, ಅದರ ಕ್ಲಾಂಪು ಸೇರಿ 50–60 ತಿಂದರೆ 500 ಮಿ.ಮೀ. ಉದ್ದದ ಚಾನೆಲ್ ಕೂರಲ್ಲ, 450ರದ್ದು ತರಿಸಬೇಕು. ಕೊಟೇಶನ್ ಹಾಕೋಕೆ ಬಂದವರಲ್ಲಿ ಈ ಪೈಪ್ ನೋಡಿ ಬರ್ಕೊಂಡವರು ಯಾರು? ನನ್ನ ಪ್ರಕಾರ ಬೇರೆ ಎಲ್ಲ ಪ್ರಶ್ನೆಗಿಂತ ಇದು ದೊಡ್ಡದು.

ಸಿಲಿಂಡರ್ ಇಡೋ ಕಿಂಡಿಗೆ ಪೂರ್ತಿ ಮುಚ್ಚಿದ ಬಾಗಿಲು ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೆ ನಿಲ್ಲುತ್ತೆ. ಹಾಗಾಗಿ ಗಾಳಿಕಿಂಡಿ ಬಾಗಿಲಿನ ಬುಡದಲ್ಲೂ ಇರಬೇಕು, ಮೇಲ್ಗಡೆ ಮಾತ್ರ ಇದ್ದರೆ ಉಪಯೋಗ ಇಲ್ಲ. ರಬ್ಬರ್ ಟ್ಯೂಬ್ ಒಂದೂವರೆ ಮೀಟರ್ ಮೀರಬಾರದು, ಪೆಟ್ಟಿಗೆಯ ಹಲಗೆ ಮೂಲಕ ತೂರಿಸಲೂ ಬಾರದು. ಅಷ್ಟರಲ್ಲಿ ಒಲೆ ತಲುಪದಿದ್ದರೆ ಒಲೆ ಜಾಗ ಬದಲಿಸಿ.

ಮೇಲಿನ ಕಪಾಟಿಗೆ ಗೋಡೆ ಯಾವುದು ನೋಡಿ. ಇಟ್ಟಿಗೆ ಆದರೆ ತೊಂದರೆ ಇಲ್ಲ. ಹಾಲೋ ಬ್ಲಾಕ್ ಆದರೆ ಸ್ಕ್ರೂ ಹಿಡಿಯೋ ಸಾಮಾನ್ಯ ಪ್ಲಾಸ್ಟಿಕ್ ಗಟ್ಟ ಒಳಗೇ ತಿರುಗುತ್ತೆ. ಪಿಂಗಾಣಿ ತಟ್ಟೆ ಜೋಡಿಸಿದ ಕಪಾಟು ಬೀಳೋದು ಹೀಗೆ. ಹಿಂಬದಿಯ ತೆಳು ಹಲಗೆಗೆ ಸ್ಕ್ರೂ ಹೊಡೆದು ನೇತುಹಾಕೋರನ್ನ ತಕ್ಷಣ ನಿಲ್ಲಿಸಿ. ಹ್ಯಾಂಗಿಂಗ್ ಬ್ರ್ಯಾಕೆಟ್, ಗೋಡೆಗೆ ಲೋಹದ ಪಟ್ಟಿ ಕೇಳಿ. ಚಿಮಣಿಗೆ 6 ಇಂಚಿನ ಪೈಪ್ ಹೋಗೋ ತೂತು, ಪವರ್ ಪಾಯಿಂಟ್ ಎರಡೂ ಕಪಾಟು ಬರೋ ಮೊದಲೇ ಆಗಲಿ. ಒಲೆಯಿಂದ ಚಿಮಣಿಗೆ 26ರಿಂದ 30 ಇಂಚು.

ಇನ್ನೊಂದು, ನಮ್ಮ ಕಡೆ ಅಡುಗೆಮನೆ ನೆಲಕ್ಕೆ ನೀರು ಹೊಯ್ದು ತೊಳೆಯೋ ಅಭ್ಯಾಸ. ಪ್ಲೈ ನೆಲಕ್ಕೆ ತಾಗಲೇಬಾರದು, 710 ಆದರೂ ಸರಿ. ಗ್ರೌಂಡ್ ಫ್ಲೋರ್ ಬೇರೆ, ಕೆಲಸಕ್ಕೆ ಮೊದಲು ಗೆದ್ದಲು ಔಷಧಿ ಹೊಡೆಸಿಬಿಡಿ.

ರಸಮಟ್ಟ

ಐದು ಕಿಂಡಿ ವಕ್ರ ಅಂದಮೇಲೆ ಕಡಪಕಲ್ಲು ಅವರ ಮಾತಿಗೇ ನನ್ನ ವೋಟು, ಕಟ್ಟೆ ಉಳಿಸಿ. ವರ್ಕ್‌ಶಾಪಿನವರಿಗೇ ಕೊಡಿ, ಆದರೆ ಶಟರ್ ಮತ್ತು ಮೂರು ಡ್ರಾಯರ್ ಪೆಟ್ಟಿಗೆ ಅವರ ಮಷೀನಲ್ಲಿ, ಕಲ್ಲಿಗೆ ಪ್ಲೈ ಪಟ್ಟಿ ಕೂರಿಸೋದು ನಿಮ್ಮ ಮನೆಯಲ್ಲೇ. ಮೊದಲು ಪಟ್ಟಿ, ಆಮೇಲೆ ಒಂದೊಂದೇ ಕಿಂಡಿಯ ಅಳತೆ, ಆಮೇಲೆ ಶಟರ್ ಕತ್ತರಿಸೋದು. ಈ ಕ್ರಮಕ್ಕೆ ಒಪ್ಪದಿದ್ದರೆ ಕಾರ್ಪೆಂಟರ್‌ಗೆ ಕೂಲಿ ಕೊಟ್ಟು, ಶಟರ್ ಮಾತ್ರ ವರ್ಕ್‌ಶಾಪಲ್ಲಿ ಒತ್ತಿಸಿಕೊಳ್ಳಿ. ಆದರೆ ಆಗ ಅಳತೆ ತಪ್ಪಿದರೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕ್ತಾರೆ. ಅಳತೆ ಕಾಗದಕ್ಕೆ ಕಾರ್ಪೆಂಟರ್ ಸಹಿ ಹಾಕಲಿ.

ಶೋರೂಮ್‌ಗೇ ಹೋಗೋದಾದರೆ ಬಿಲ್ಲು ಯಾರ ಹೆಸರಲ್ಲಿ ಬರುತ್ತೆ ನೋಡಿ. ಬಹಳ ಕಡೆ ಅದು ಡೀಲರ್ ಹೆಸರು, ಕೂರಿಸೋಕೆ ಬರೋರು ಮೂರನೆಯವರು. ಹತ್ತು ವರ್ಷ ಯಾವುದಕ್ಕೆ? ಬೋರ್ಡಿಗಾ, ಬಾಸ್ಕೆಟ್‌ಗಾ, ರಿಪೇರಿ ಕೂಲಿಗಾ? ಬರವಣಿಗೆಯಲ್ಲಿ ತಗೊಳ್ಳಿ. ಜಿಎಸ್‌ಟಿ ಬೇಡ ಅಂದರೆ ಕಡಿಮೆ ಮಾಡ್ತೀವಿ ಅಂದರೆ ಒಪ್ಪಬೇಡಿ. ಬಿಲ್ಲಿದ್ದರೆ ನೀವಿರೋ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ದುಡ್ಡು ಒಪ್ಪಂದಕ್ಕೆ 10 ಭಾಗ, ಮುದ್ರೆ ಇರೋ ಶೀಟ್ ಕಣ್ಣಾರೆ ನೋಡಿದ ಮೇಲೆ 40, ಸಾಮಾನು ಮನೆಗೆ ಬಂದಾಗ 40. ಉಳಿದ 10 ಎಲ್ಲಾ ಶಟರ್‌ಗಳ ಸಂದು ಒಂದೇ ಸಮ ಆಗಿ, ಡ್ರಾಯರ್‌ಗೆ ಸಾಮಾನು ತುಂಬಿ ಒಂದು ವಾರ ಎಳೆದು ನೋಡಿದ ಮೇಲೆ. ಖಾಲಿ ಡ್ರಾಯರ್ ಎಲ್ಲರದ್ದೂ ಮೆತ್ತಗೇ ಮುಚ್ಚಿಕೊಳ್ಳುತ್ತೆ.