ಆತ್ಮದ ತೂಕ, ಪ್ರಾರ್ಥನೆಯ ಪ್ರಯೋಗ, ಬಿಗ್ ಬ್ಯಾಂಗ್: ಪಾಠದಲ್ಲಿ ಯಾವುದನ್ನು ಇಟ್ಟುಕೊಳ್ಳಬಹುದು?

ಕಂದೀಲು:
ಕಾಲೇಜು ಓದುವವರ ಬೈಬಲ್ ಅಧ್ಯಯನ ಗುಂಪಿಗೆ ಒಂದೂವರೆ ಗಂಟೆಯ ಪಾಠ ಸಿದ್ಧವಾಗಬೇಕಿದೆ. ಕಣ್ಣಿಗೆ ಕಾಣದ ಆತ್ಮಿಕ ವಾಸ್ತವದ ಬಗ್ಗೆ ಕ್ರೈಸ್ತ ನಂಬಿಕೆ ಹೇಳುವುದಕ್ಕೂ ವಿಜ್ಞಾನಕ್ಕೂ ಹೊಂದಿಕೆ ಇದೆಯೇ ಎಂಬುದು ವಿಷಯ. ಸದ್ಯಕ್ಕೆ ಪಟ್ಟಿಯಲ್ಲಿರುವುದು ಐದು: ಸಾಯುವಾಗ ದೇಹ 21 ಗ್ರಾಂ ಹಗುರಾಗುತ್ತದೆ ಎಂಬ ಮಾತು, ಪ್ರಾರ್ಥನೆಯ ಬಗ್ಗೆ ಆಸ್ಪತ್ರೆಗಳಲ್ಲಿ ನಡೆದ ಅಧ್ಯಯನ, ಸಾವಿನ ಅಂಚಿಗೆ ಹೋಗಿ ಬಂದವರ ಅನುಭವ, ಕ್ವಾಂಟಂ, ಮತ್ತು ಬಿಗ್ ಬ್ಯಾಂಗ್ ಜೊತೆಗೆ ಆದಿಕಾಂಡ 1 (ಬೈಬಲ್ಲಿನ ಸೃಷ್ಟಿಯ ಅಧ್ಯಾಯ). ಗುಂಪಿನಲ್ಲಿ ಭೌತಶಾಸ್ತ್ರದವರೂ ವೈದ್ಯಕೀಯ ಓದುವವರೂ ಇದ್ದಾರೆ. ಯಾವುದು ನಿಲ್ಲುತ್ತದೆ, ಯಾವುದು ಬೀಳುತ್ತದೆ? ಕಾರಣ ಸಮೇತ ಹೇಳಿದರೆ ಉಪಕಾರ.

ಒರೆಗಲ್ಲು:
21 ಗ್ರಾಂ ಅನ್ನು ಇವತ್ತೇ ತೆಗೆದುಹಾಕಿ. 1907ರಲ್ಲಿ ಡಂಕನ್ ಮ್ಯಾಕ್‌ಡೂಗಲ್ ಎಂಬ ಅಮೆರಿಕದ ವೈದ್ಯರು ಪ್ರಕಟಿಸಿದ ಪ್ರಯೋಗ ಅದು. ಸಾಯುತ್ತಿದ್ದ ಆರು ಜನರನ್ನು ಮಂಚದ ಸಮೇತ ತೂಕದ ಯಂತ್ರದ ಮೇಲೆ ಇಟ್ಟಿದ್ದರು. ಆರರಲ್ಲಿ ಎರಡು ಅಳತೆಗಳನ್ನು ಅವರೇ ಕೈಬಿಟ್ಟರು. ಉಳಿದ ನಾಲ್ಕು ಒಂದಕ್ಕೊಂದು ತಾಳೆಯಾಗಲಿಲ್ಲ. ಜನರ ಬಾಯಲ್ಲಿ ಉಳಿದ 21 ಗ್ರಾಂ ಮೊದಲ ರೋಗಿಯೊಬ್ಬರದು ಮಾತ್ರ. ಆ ಯಂತ್ರ ಗುರುತಿಸಬಲ್ಲ ಅತಿ ಸಣ್ಣ ವ್ಯತ್ಯಾಸವೇ ಸುಮಾರು 5.7 ಗ್ರಾಂ, ಸಾವಿನ ನಿಖರ ಕ್ಷಣ ಯಾವುದೆಂದು ಹೇಳುವ ಸಾಧನವಂತೂ ಆಗ ಇರಲಿಲ್ಲ. ಅಳತೆ ಸರಿಯಾಗಿಯೇ ಇದ್ದಿದ್ದರೂ ದೇವತಾಶಾಸ್ತ್ರದ ಕಡೆಯಿಂದಲೇ ಇದು ತಪ್ಪು. ತಕ್ಕಡಿಗೆ ಸಿಗುವಂಥದ್ದು ಜಡವಸ್ತು. ಆತ್ಮಕ್ಕೆ ತೂಕ ಸಿಕ್ಕಿದ್ದರೆ ಗೆಲ್ಲುತ್ತಿದ್ದದ್ದು ಭೌತವಾದ, ನಂಬಿಕೆಯಲ್ಲ!

ಕ್ವಾಂಟಂ ಕೂಡ ಬೇಡ. "ನೋಡುವವನ ಮನಸ್ಸು ವಾಸ್ತವವನ್ನು ಸೃಷ್ಟಿಸುತ್ತದೆ" ಎಂಬ ಮಾತು 'ವೀಕ್ಷಣೆ' ಎಂಬ ಪದವನ್ನು ತಪ್ಪಾಗಿ ಓದಿದ್ದರಿಂದ ಹುಟ್ಟಿದ್ದು. ದೊಡ್ಡ ಇಂಗಾಲದ ಅಣುಗಳಿಂದ ವ್ಯತಿಕರಣ ಪಟ್ಟೆಗಳನ್ನು (ಅಲೆಗಳು ಒಂದರೊಳಗೊಂದು ಬೆರೆತಾಗ ಕಾಣುವ ಪಟ್ಟೆಗಳನ್ನು) ಮೂಡಿಸುವ ಪ್ರಯೋಗದಲ್ಲಿ ಕೊಳವೆಗೆ ಸ್ವಲ್ಪ ಅನಿಲ ಬಿಟ್ಟರೆ ಸಾಕು, ಯಾರೂ ನೋಡದಿದ್ದರೂ ಪಟ್ಟೆಗಳು ಮಸುಕಾಗುತ್ತವೆ. ಅನಿಲದ ಕಣ ಬಡಿದದ್ದೇ ಅಲ್ಲಿ 'ವೀಕ್ಷಣೆ'. ನಿಮ್ಮ ಭೌತಶಾಸ್ತ್ರದ ಹುಡುಗರು ಎದ್ದು ನಿಲ್ಲುವುದು ಇಲ್ಲೇ.

ಪ್ರಾರ್ಥನೆಯ ಅಧ್ಯಯನವನ್ನು ಇಟ್ಟುಕೊಳ್ಳಿ, ಆದರೆ ಪೂರ್ತಿ ಹೇಳಿ. 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯ 1802 ರೋಗಿಗಳಿದ್ದರು, ಮೂರು ಗುಂಪು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿಯಿಂದ 14 ದಿನ ಪ್ರಾರ್ಥನೆ. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯದ ಎರಡು ಗುಂಪುಗಳಲ್ಲಿ, ಪ್ರಾರ್ಥನೆ ಪಡೆದವರಲ್ಲಿ 52%, ಪಡೆಯದವರಲ್ಲಿ 51% ಜನರಿಗೆ ತೊಡಕುಗಳಾದವು. ಪ್ರಾರ್ಥನೆ ನಡೆಯುತ್ತಿದೆ ಎಂದು ಖಚಿತವಾಗಿ ಗೊತ್ತಿದ್ದ ಮೂರನೆಯ ಗುಂಪಿನಲ್ಲಿ 59%. ಇದನ್ನು ಮುಚ್ಚಿಟ್ಟು 1988ರ ಅನುಕೂಲಕರ ಅಧ್ಯಯನವನ್ನಷ್ಟೇ (393 ರೋಗಿಗಳದು) ತೋರಿಸಿದರೆ ಅದು ಅಪ್ರಾಮಾಣಿಕತೆ. ಜೊತೆಗೆ ವಿಧಾನದ ತೊಂದರೆಯನ್ನೂ ಹೇಳಿ: "ಪ್ರಾರ್ಥನೆ ಪಡೆಯದ" ರೋಗಿಗಾಗಿ ಮನೆಯವರು ಮೊಣಕಾಲೂರಿದರೆ ತಡೆಯುವವರು ಯಾರು? ಔಷಧಿಯಾದರೆ ಎಷ್ಟು ಮಿಲಿಗ್ರಾಂ ಒಳಗೆ ಹೋಯಿತೆಂದು ಲೆಕ್ಕ ಇಡಬಹುದು. ಬೇಡಿಕೆಯನ್ನು ಕೇಳಿಸಿಕೊಳ್ಳುವವನು ತನ್ನಿಚ್ಛೆಯಂತೆ ಉತ್ತರಿಸುವ ಒಬ್ಬ ವ್ಯಕ್ತಿ ಎಂಬುದೇ ಕ್ರೈಸ್ತ ನಂಬಿಕೆಯಾದಾಗ, ಆ ಮಾದರಿಯ ಪ್ರಯೋಗ ಅಳೆಯಲು ಹೊರಟದ್ದಾದರೂ ಏನನ್ನು?

ಸಾವಿನ ಅಂಚಿನ ಅನುಭವಕ್ಕೆ 2014ರ ಅಧ್ಯಯನ ನೋಡಿ. 15 ಆಸ್ಪತ್ರೆ, 2060 ಹೃದಯಸ್ತಂಭನ. ಮೇಲಿಂದ ನೋಡಿದರಷ್ಟೇ ಕಾಣುವಂತೆ ಎತ್ತರದ ಹಲಗೆಗಳ ಮೇಲೆ ಚಿತ್ರಗಳನ್ನು ಇಟ್ಟಿದ್ದರು. ಬದುಕುಳಿದು ಸಂದರ್ಶನಕ್ಕೆ ಸಿಕ್ಕವರು 140. ಆಗ ನಡೆದದ್ದನ್ನು ಕಂಡು ಕೇಳಿದ ನೆನಪು ಇಬ್ಬರಿಗೆ. ಒಬ್ಬರ ವಿವರಣೆ ಮಾತ್ರ ತಾಳೆಯಾಯಿತು. ಆದರೆ ಆ ಇಬ್ಬರಿಗೂ ಹೃದಯ ನಿಂತದ್ದು ಹಲಗೆ ಇಲ್ಲದ ಕಡೆ. ಹಾಗಾಗಿ ಪರೀಕ್ಷೆಯೇ ನಡೆದಂತಾಗಲಿಲ್ಲ. ಕುತೂಹಲಕರ, ಪುರಾವೆ ಅಲ್ಲ.

ತೊರೆಬದಿ:
ಬಿಗ್ ಬ್ಯಾಂಗ್ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಎಲ್ಲರೂ ಜಾರುವ ಜಾಗ ಇದು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದ, 1931ರಲ್ಲಿ ಇಡೀ ವಿಶ್ವ ಒಂದೇ "ಆದಿಮ ಪರಮಾಣು"ವಿನಿಂದ ಹೊರಟಿತು ಎಂಬ, ಬಿಗ್ ಬ್ಯಾಂಗ್‌ಗೆ ಮೂಲವಾದ ಕಲ್ಪನೆ ಮುಂದಿಟ್ಟ ಜಾರ್ಜ್ ಲೆಮೈತ್ರ್ ಬೆಲ್ಜಿಯಂನ ಕಥೋಲಿಕ ಪಾದ್ರಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನದು ಹೆಚ್ಚು ಮುಖ್ಯ. 1951ರ ನವೆಂಬರ್‌ನಲ್ಲಿ ಪೋಪ್ 12ನೇ ಪಿಯುಸ್ ತಮ್ಮ ಭಾಷಣದಲ್ಲಿ ಈ ಸಿದ್ಧಾಂತವನ್ನು ಸೃಷ್ಟಿಗೆ ಸಾಕ್ಷಿ ಎಂಬಂತೆ ಎತ್ತಿ ಹಿಡಿದಾಗ ಕಸಿವಿಸಿಗೊಂಡವರು ಇದೇ ಲೆಮೈತ್ರ್. ಮರುವರ್ಷ ಖಗೋಳಶಾಸ್ತ್ರಜ್ಞರ ಮುಂದೆ ಮಾತಾಡಿದಾಗ ಪೋಪ್ ಆ ದನಿಯನ್ನು ಬಿಟ್ಟಿದ್ದರು. ವಿಶ್ವದ ಮೊದಲ ಕ್ಷಣ ಒಂದು ಭೌತಿಕ ಸ್ಥಿತಿ, ನಾಳೆ ಅದಕ್ಕೂ ಹಿಂದಿನ ಸ್ಥಿತಿಯೊಂದು ಲೆಕ್ಕಕ್ಕೆ ಸಿಗಬಹುದು. ಆಗ 'ಸೃಷ್ಟಿ' ಕುಸಿದುಬೀಳಬೇಕೇ? ದೇವತಾಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್ 13ನೇ ಶತಮಾನದಲ್ಲೇ ಸೃಷ್ಟಿ, ಆರಂಭ ಎರಡನ್ನೂ ಬೇರ್ಪಡಿಸಿದ್ದರು: ಜಗತ್ತಿಗೆ ಆರಂಭವೇ ಇಲ್ಲದಿದ್ದರೂ ಅದು ಇರುವುದಕ್ಕೆ ದೇವರನ್ನೇ ಅವಲಂಬಿಸಿರಬೇಕು. ಸೃಷ್ಟಿ ಎಂದರೆ ಹೊತ್ತಿಸಿ ದೂರ ಸರಿಯುವುದಲ್ಲ, ಪ್ರತಿ ಕ್ಷಣ ಆಧಾರವಾಗಿರುವುದು.

ನ್ಯೂಟನ್ ಪ್ರಸಂಗವನ್ನೂ ಸೇರಿಸಿ. ಗ್ರಹಗಳು ಒಂದನ್ನೊಂದು ಎಳೆದಾಡಿ ಕಕ್ಷೆಗಳು ಕೆಡುತ್ತವೆ, ಅವನ್ನು ದೇವರು ಆಗಾಗ ಸರಿಪಡಿಸಬೇಕು ಎಂದು ಅವರು ಭಾವಿಸಿದ್ದರು. ಗುರು, ಶನಿಗಳ ಆ ಏರುಪೇರು ಸುಮಾರು 900 ವರ್ಷಕ್ಕೊಮ್ಮೆ ಮರುಕಳಿಸುವಂಥದ್ದು ಎಂದು 1780ರ ದಶಕದಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಗಣಿತದಿಂದಲೇ ತೋರಿಸಿದರು. ತಿಳಿಯದ ಸಂದಿಯಲ್ಲಿ ದೇವರನ್ನು ಕೂರಿಸಿದರೆ ಸಂದಿ ಮುಚ್ಚಿದ ದಿನ ದೇವರಿಗೂ ಜಾಗ ಇಲ್ಲ.

ಮೂಲಪಾಠ:
ಇಬ್ಬರೂ ಹೇಳದ ಒಂದು ತೊಡಕು ನಮ್ಮ ಭಾಷೆಯಲ್ಲೇ ಇದೆ. ಕನ್ನಡದಲ್ಲಿ 'ಆತ್ಮ' ಎಂದ ಕೂಡಲೇ ಹುಟ್ಟಿಲ್ಲದ, ಸಾವಿಲ್ಲದ, ದೇಹವನ್ನು ಬಟ್ಟೆಯಂತೆ ಬದಲಿಸುವ ಒಂದು ತತ್ತ್ವ ಮನಸ್ಸಿಗೆ ಬರುತ್ತದೆ. ಹೀಬ್ರೂ ಬೈಬಲ್ಲಿನ 'ನೆಫೆಶ್' ಅದಲ್ಲ. ಗಂಟಲು, ಉಸಿರು, ಜೀವ, ಇಡೀ ವ್ಯಕ್ತಿ ಎಂಬೆಲ್ಲ ಅರ್ಥ ಅದಕ್ಕಿದೆ. ಆದಿಕಾಂಡ 2:7ರಲ್ಲಿ ಮಣ್ಣು ಮತ್ತು ಜೀವಶ್ವಾಸ ಸೇರಿ ಮನುಷ್ಯ ಒಂದು 'ನೆಫೆಶ್' *ಆಗುತ್ತಾನೆ*. ಅವನೊಳಗೆ ನೆಫೆಶ್ ಇಟ್ಟರು ಎಂದಿಲ್ಲ. 1:20ರಲ್ಲಿ ನೀರಿನ ಜೀವಿಗಳಿಗೂ ಅದೇ ಪದ. ವಿಶ್ವಾಸ ಪ್ರಮಾಣದಲ್ಲಿ ನಾವು ಎದುರು ನೋಡುವುದು ಕೂಡ ಸತ್ತವರ ಪುನರುತ್ಥಾನವನ್ನು. ಇಷ್ಟು ಸ್ಪಷ್ಟವಾದರೆ ಮೆದುಳಿಗೆ ಪೆಟ್ಟಾದಾಗ ಸ್ವಭಾವ ಬದಲಾಗುವುದು ನಂಬಿಕೆಗೆ ಆಘಾತವಲ್ಲ. ದೇಹವನ್ನು ಬಿಟ್ಟೂ ಆತ್ಮ ಉಳಿಯುತ್ತದೆ ಎನ್ನುವ ಸಂಪ್ರದಾಯ ಸಭೆಯಲ್ಲಿ ಗಟ್ಟಿಯಾಗಿದೆ, ಅದನ್ನೂ ಹೇಳಿ. ಆದರೆ ಅದೊಂದೇ ಓದು ಎಂಬಂತೆ ಹೇಳಬೇಡಿ.

ಪ್ರಾರ್ಥಿಸುವವರ ಮೆದುಳಿನ ಸ್ಕ್ಯಾನ್ ಯಾರಾದರೂ ಎತ್ತಿದರೆ: ಸೇಬು ನೋಡುವಾಗಲೂ ಮೆದುಳಿನ ಒಂದು ಭಾಗ ಚುರುಕಾಗುತ್ತದೆ. ಸೇಬು ಇದೆಯೋ ಇಲ್ಲವೋ ಎಂದು ಸ್ಕ್ಯಾನ್ ಹೇಳದು.

ಒರೆಗಲ್ಲು:
ತೊರೆಬದಿ ಅವರೇ, ನೀವು ಹೇಳಿದ್ದು ಸರಿ, ಆದರೆ ಅಲ್ಲಿಗೇ ನಿಂತರೆ ತೀರಾ ಸಲೀಸಾಯಿತು. "ವಿಜ್ಞಾನ ಹೇಗೆ ಎಂದು, ನಂಬಿಕೆ ಏಕೆ ಎಂದು ಹೇಳುತ್ತದೆ, ಜಗಳವೇ ಇಲ್ಲ" ಎಂಬ ಗಡಿರೇಖೆಯನ್ನು ಅಪೊಸ್ತಲ ಪೌಲನೇ ದಾಟಿದ್ದಾನೆ. ಕ್ರಿಸ್ತನು ಎದ್ದು ಬರದಿದ್ದರೆ ನಂಬಿಕೆ ವ್ಯರ್ಥ ಎಂಬುದು ಕೊರಿಂಥದವರಿಗೆ ಅವನು ಬರೆದ ಮೊದಲ ಪತ್ರದ (1 ಕೊರಿಂಥ) 15ನೇ ಅಧ್ಯಾಯದ ವಾದ. ಅದು ಒಂದು ದಿನ, ಒಂದು ಸಮಾಧಿಯ ಬಗ್ಗೆ ಇರುವ ಮಾತು. ಸತ್ತವರು ಸಾಮಾನ್ಯವಾಗಿ ಏಳುವುದಿಲ್ಲ ಎಂದು ವಿಜ್ಞಾನ ಹೇಳುತ್ತದೆ. ಅದು ಮೊದಲ ಶತಮಾನದವರಿಗೂ ಗೊತ್ತಿತ್ತು, ಅದಕ್ಕೇ ಅದು ಸುದ್ದಿಯಾಯಿತು. ಒಮ್ಮೆ ಮಾತ್ರ ನಡೆದದ್ದೆಂದು ಹೇಳುವ ಘಟನೆಯನ್ನು ಪ್ರಯೋಗಶಾಲೆಯಲ್ಲಿ ಮರುಕಳಿಸಲಾಗದು, ಸಾಕ್ಷ್ಯವನ್ನು ಇತಿಹಾಸದ ವಿಧಾನದಿಂದ ತೂಗಬೇಕು. ಈ ಒಂದು ಕಡೆ ನಂಬಿಕೆ ತನ್ನನ್ನು ಅಪಾಯಕ್ಕೆ ಒಡ್ಡಿಕೊಂಡಿದೆ. ಪಾಠದಲ್ಲಿ ಇದನ್ನು ಬಿಟ್ಟರೆ ಹುಡುಗರು ಕೇಳಿಯೇ ಕೇಳುತ್ತಾರೆ.

ತೊರೆಬದಿ:
ಒಪ್ಪಿದೆ. 'ಹೇಗೆ–ಏಕೆ' ವಿಭಜನೆ ಸೃಷ್ಟಿಯ ವಿಷಯಕ್ಕೆ ಸಾಕು, ಪುನರುತ್ಥಾನಕ್ಕೆ ಸಾಲದು.

ಕಂದೀಲು:
ಐದರಲ್ಲಿ ಎರಡು ಹೋದವು, ಒಂದು ಅರ್ಧ ಉಳಿಯಿತು! 90 ನಿಮಿಷವನ್ನು ಹೇಗೆ ಹಂಚಲಿ?

ಮೂಲಪಾಠ:
ಮೊದಲ 20 ನಿಮಿಷ ಪದಗಳಿಗೆ: ಆತ್ಮ, ನೆಫೆಶ್, ಸೃಷ್ಟಿ. ಇದನ್ನು ಹಾರಿಸಿದರೆ ಮುಂದಿನ ಚರ್ಚೆಯಲ್ಲಿ ಒಬ್ಬೊಬ್ಬರು ಒಂದೊಂದು ಅರ್ಥ ಹಿಡಿದು ಕೂರುತ್ತಾರೆ. 25 ನಿಮಿಷ ಲೆಮೈತ್ರ್ ಮತ್ತು ನ್ಯೂಟನ್, ಇಬ್ಬರನ್ನೂ ಒಟ್ಟಿಗೆ. 20 ನಿಮಿಷ 2006ರ ಅಧ್ಯಯನ. ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು, ಅವು ಏನನ್ನು ತೋರಿಸುತ್ತವೆ, ಏನನ್ನು ತೋರಿಸುವುದಿಲ್ಲ ಎಂದು ಅವರಿಂದಲೇ ಹೇಳಿಸಿ. ಉಳಿದ 25 ಪುನರುತ್ಥಾನಕ್ಕೆ ಮತ್ತು ಪ್ರಶ್ನೆಗಳಿಗೆ. 21 ಗ್ರಾಂ ಬಗ್ಗೆ ಯಾರಾದರೂ ಕೇಳಿದರೆ ಮಾತ್ರ ಹೇಳಿ. ಕೇಳುತ್ತಾರೆ.