ರೆವಿಟ್ ಲೆಕ್ಕಕ್ಕೂ ಕ್ಯೂಎಸ್ ಲೆಕ್ಕಕ್ಕೂ ತಾಳೆ ಯಾಕಿಲ್ಲ?

ಬಾಣೇರ್ ಕನ್ನಡಿಗ:
ಪುಣೆಯಲ್ಲಿ ನಮ್ಮದು ಹತ್ತು ಜನರ ಆರ್ಕಿಟೆಕ್ಟ್ ಆಫೀಸು. ಇಷ್ಟು ದಿನ ಆಟೊಕ್ಯಾಡ್. ಈಗ ಬಿಮ್‌ಗೆ (ಕಟ್ಟಡದ 3ಡಿ ಮಾಹಿತಿ ಮಾಡೆಲ್ ಮಾಡೋ ಪದ್ಧತಿ) ಬರೋಣ ಅಂತ ರೆವಿಟ್ ಸಾಫ್ಟ್‌ವೇರ್ ತಗೊಂಡು, 14 ಮಹಡಿಯ ವಸತಿ ಕಟ್ಟಡವೊಂದರ ಟಿಪಿಕಲ್ ಫ್ಲೋರ್ ಮಾಡೆಲ್ ಮಾಡಿದ್ದೇವೆ. ಕಾಲಮ್ 300×750 ಎಂಎಂ, ಒಟ್ಟು 24. ಸ್ಲ್ಯಾಬ್ 150. ಬೀಮ್ 230×600, ಸುಮಾರು 180 ಮೀಟರ್. ಮಾಡೆಲಿನಿಂದ ಬರೋ ಅಳತೆ ಪಟ್ಟಿಯಲ್ಲಿ (ಶೆಡ್ಯೂಲ್), ನಮ್ಮ ಕ್ಯೂಎಸ್ (ಕಟ್ಟಡ ಕೆಲಸದ ಅಳತೆ ಲೆಕ್ಕ ಹಾಕೋರು) ಲೆಕ್ಕಕ್ಕಿಂತ ಕಾಂಕ್ರೀಟ್ ಮಹಡಿಗೆ 7 ಘನ ಮೀಟರ್ ಜಾಸ್ತಿ, ಪ್ಲಾಸ್ಟರ್ ಕಡಿಮೆ. ಕ್ಯೂಎಸ್ ಮಾಡೆಲನ್ನೇ ನಂಬಲ್ಲ ಅಂತಾರೆ. ಎಲ್ಲಿ ತಪ್ಪಿದ್ದೇವೆ? ಇನ್ನೊಂದು, ಪ್ಲಂಬಿಂಗ್, ಎಲೆಕ್ಟ್ರಿಕಲ್ ಕನ್ಸಲ್ಟೆಂಟ್‌ಗಳು ಡಿಡಬ್ಲ್ಯೂಜಿ (ಆಟೊಕ್ಯಾಡ್ ಡ್ರಾಯಿಂಗ್ ಫೈಲ್) ಬಿಟ್ಟು ಬೇರೇನೂ ಕೊಡಲ್ಲ. ಏನು ಮಾಡೋದು?

ಗೋರೆಗಾಂವ್ ಕ್ಯೂಎಸ್:
ನೋಡ್ರಿ, ಉತ್ತರ ನಿಮ್ಮ ಅಳತಿಯೊಳಗ ಅದ. ಬೀಮ್ ಪೂರ್ತಿ 600 ಆಳಕ್ಕ ಎಳದು ಸ್ಲ್ಯಾಬ್‌ಗೆ ಜಾಯಿನ್ ಮಾಡಿಲ್ಲ: 0.23×0.15×180, ಅಂದ್ರ 6.21. ಕಾಲಮ್ ಸ್ಲ್ಯಾಬ್ ದಾಟಿದಲ್ಲಿ 0.3×0.75×0.15×24, ಅಂದ್ರ 0.81. ಕೂಡಿಸ್ರಿ, 7.02. ಅದೇ ಕಾಂಕ್ರೀಟ್ ಎರಡು ಸಲ ಎಣಿಕಿ ಆಗೇದ. ರೆವಿಟ್‌ನಾಗ ಜಾಯಿನ್ ಜಿಯೊಮೆಟ್ರಿ (ಒಂದರ ಮ್ಯಾಲೊಂದು ಬಂದ ಭಾಗ ಕತ್ತರಿಸಿ ಕೂಡಿಸೋ ಕಮಾಂಡ್) ಹಾಕ್ರಿ, ಆದ್ರ ಯಾವುದು ಯಾವುದನ್ನ ಕತ್ತರಿಸಬೇಕು ಅಂತ ಮೊದಲ ಬರದಿಟ್ಕೋರಿ. ಕಾಂಕ್ರೀಟ್ ಗ್ರೇಡ್ ಕಾಲಮ್‌ಗೆ ಎಂ40, ಸ್ಲ್ಯಾಬ್‌ಗೆ ಎಂ30 ಇದ್ದು ಕತ್ತರಿ ಉಲ್ಟಾ ಬಿತ್ತಂದ್ರ ಒಟ್ಟು ಸರಿ ಇದ್ರೂ ಗ್ರೇಡ್‌ವಾರು ಲೆಕ್ಕ ಕೆಡ್ತದ.

ಪ್ಲಾಸ್ಟರ್‌ನಾಗ ಸಾಫ್ಟ್‌ವೇರಿಂದೇನೂ ತಪ್ಪಿಲ್ಲ, ನಿಯಮನ ಬ್ಯಾರೆ. ಐಎಸ್ 1200 (ಕಟ್ಟಡ ಕೆಲಸ ಅಳಿಯೋ ಭಾರತೀಯ ಮಾನಕ) ಭಾಗ 12ರ ಪ್ರಕಾರ 0.5 ಚದರ ಮೀಟರ್ ತನಕದ ಓಪನಿಂಗ್ (ಬಾಗಿಲು, ಕಿಟಕಿಯಂಥ ತೆರವು) ಕಳಿಯಂಗಿಲ್ಲ. 0.5ರಿಂದ 3ರ ತನಕ, ಎರಡೂ ಕಡೆ ಒಂದೇ ಪ್ಲಾಸ್ಟರ್ ಇದ್ರ, ಒಂದೇ ಮುಖ ಕಳೀಬೇಕು. 3ಕ್ಕಿಂತ ದೊಡ್ಡದಾದ್ರ ಎರಡೂ ಮುಖ ಕಳದು ಜಾಂಬ್, ಸಿಲ್, ಸೋಫಿಟ್ (ತೆರವಿನ ಪಕ್ಕ, ಕೆಳಗ, ಮ್ಯಾಲಿನ ಒಳಅಂಚು) ಅಳೀಬೇಕು. 0.9×2.1 ಬಾಗಿಲಿಗೆ ಮಾಡೆಲ್ 3.78 ಕಳೀತದ, ಕ್ಯೂಎಸ್ 1.89 ಅಷ್ಟ. ಟಾಯ್ಲೆಟ್ಟಿನ 0.6×0.6 ವೆಂಟಿಲೇಟರ್‌ಗೆ ಅವರು ಏನೂ ಕಳಿಯಂಗಿಲ್ಲ. ಓಪನಿಂಗ್ ಶೆಡ್ಯೂಲ್ ಎಕ್ಸೆಲ್‌ಗೆ ತಗದು ಅಲ್ಲೇ ತಿದ್ರಿ. ಗೋಡೆ ಶೆಡ್ಯೂಲಿನ ಏರಿಯಾ ಒಂದೇ ಮುಖದ್ದು, ಅದನ್ನೂ ಮರೀಬ್ಯಾಡ್ರಿ.

ಪಿಂಪ್ರಿ ಎಂಇಪಿ:
ಡಿಡಬ್ಲ್ಯೂಜಿ ಕೊಟ್ಟರೂ ಕೆಲಸ ನಿಲ್ಲಲ್ಲ, ನೀವೇ ಮಾಡೆಲ್ ಮಾಡಿಕೊಳ್ಳಿ. ಆದರೆ ಎಲ್ಲವನ್ನೂ ಅಲ್ಲ. ಸ್ವಿಚ್‌ಬೋರ್ಡು, 25 ಎಂಎಂ ಕಾಂಡ್ಯುಟ್ ಬಿಡಿ. ಡ್ರೈನೇಜ್, ಫೈರ್ ಲೈನ್, ಕೇಬಲ್ ಟ್ರೇ ಸಾಕು. ಡ್ರೈನೇಜ್ ಪೈಪನ್ನು ಸಪಾಟಾಗಿ ಎಳೆಯೋದೇ ಎಲ್ಲರೂ ಮಾಡೋ ತಪ್ಪು. 1:100 ಇಳಿಜಾರು ಕೊಟ್ಟು ನೋಡಿ: ಪೋಡಿಯಂ (ಕಟ್ಟಡದ ಬುಡದ ಅಗಲ ಮಹಡಿ) ಸೀಲಿಂಗ್‌ನಲ್ಲಿ 30 ಮೀಟರ್ ಓಡೋ ಹೊತ್ತಿಗೆ ಪೈಪು 300 ಎಂಎಂ ಕೆಳಗೆ ಬಂದು ಡ್ರೈವ್‌ವೇ ಎತ್ತರ ತಿಂದಿರುತ್ತೆ. ಮಾಡೆಲ್‌ಗಳನ್ನು ತಾಳೆ ನೋಡೋ ನೇವಿಸ್‌ವರ್ಕ್ಸ್ ಸಾಫ್ಟ್‌ವೇರ್‌ನಲ್ಲಿ ಎಲ್ಲದರ ಮೇಲೆ ಎಲ್ಲವನ್ನೂ ಓಡಿಸಿದರೆ ಸಾವಿರಗಟ್ಟಲೆ ಕ್ಲ್ಯಾಶ್ (ಒಂದಕ್ಕೊಂದು ಅಡ್ಡ ಬರೋ ಜಾಗ) ಬರುತ್ತೆ, ಆ ರಿಪೋರ್ಟ್ ಯಾರೂ ಓದಲ್ಲ. ಮೊದಲು ಸ್ಟ್ರಕ್ಚರ್ ಮತ್ತು ಡ್ರೈನೇಜ್ ಎರಡೇ, ಟಾಲರೆನ್ಸ್ 10 ಎಂಎಂ. ಸ್ಲೀವ್ ಡ್ರಾಯಿಂಗ್ (ಪೈಪ್ ದಾಟೋಕೆ ಬಿಡೋ ತೂತುಗಳ ನಕ್ಷೆ) ಕಾಂಕ್ರೀಟ್ ಹಾಕೋ ಮೊದಲೇ ಸೈಟಿಗೆ ಹೋಗಲಿ. ಆಮೇಲೆ ಕೋರ್ ಕಟಿಂಗ್ (ಗಟ್ಟಿಯಾದ ಕಾಂಕ್ರೀಟ್ ಕೊರೆಯೋದು) ಅಂದರೆ ಸರಳೂ ತುಂಡಾಗುತ್ತೆ.

ಸ್ಟ್ರಕ್ಚರಲ್‌ನವರ ಜೊತೆ ರೆವಿಟ್ ಆವೃತ್ತಿ ಈಗಲೇ ನಿಗದಿ ಮಾಡಿಕೊಳ್ಳಿ. 2025ರಲ್ಲಿ ಸೇವ್ ಆದದ್ದು 2024ರಲ್ಲಿ ತೆರೆಯಲ್ಲ, ಹಿಂದಕ್ಕೆ ಸೇವ್ ಮಾಡೋ ದಾರಿಯೂ ಇಲ್ಲ.

ಬಾಣೇರ್ ಕನ್ನಡಿಗ:
ಜಾಯಿನ್ ಮಾಡಿದೆ, ಕಾಂಕ್ರೀಟ್ ತಾಳೆಯಾಯ್ತು. ಕ್ಯೂಎಸ್ ಸರ್, ಹೊರಗೋಡೆಗೆ ಒಳಗೆ ಜಿಪ್ಸಮ್, ಹೊರಗೆ ಸಿಮೆಂಟ್ ಪ್ಲಾಸ್ಟರ್. ಕಿಟಕಿ 1.5×1.2. ಯಾವ ಮುಖ ಕಳೀಬೇಕು?

ಗೋರೆಗಾಂವ್ ಕ್ಯೂಎಸ್:
ಚೌಕಟ್ಟಿನ ಯಾವ ಕಡೆ ರಿವೀಲ್ (ಚೌಕಟ್ಟಿಂದ ಗೋಡೆ ಮುಖದ ತನಕ ಕಾಣೋ ಅಂಚು) ಅಗಲ ಕಮ್ಮಿ ಅದ, ಆ ಮುಖದಾಗ 1.8 ಕಳೀರಿ, ಇನ್ನೊಂದರಾಗ ಬ್ಯಾಡ. ಆದ್ರ ಟೆಂಡರ್‌ನಾಗ ಬ್ಯಾರೆ ಅಳತಿ ವಿಧಾನ ಕೊಟ್ಟಿದ್ರ ಟೆಂಡರಿಂದೇ ನಡೀತದ, ಮೊದಲ ಅದನ್ನ ಓದ್ರಿ.