ಕೊಬ್ಬಿನಾಮ್ಲ ಬಿಟ್ಟು ಗೌಚರ್ ಕಾಯಿಲೆಗೆ: ರಾಸ್ಕೋ ಬ್ರೇಡಿ ದಾರಿ ಬದಲಿಸಿದ್ದು ಯಾಕೆ?

ಕೊನೆಬೆಂಚು_ಕಿಣ್ವ

ಎಲ್ಲರಿಗೂ ನಮಸ್ಕಾರ. ನಾನು ಎಂ.ಎಸ್ಸಿ. ಬಯೋಕೆಮಿಸ್ಟ್ರಿ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಮುಂದಿನ ವಾರ ಸೆಮಿನಾರ್ ಇದೆ. ಒಬ್ಬ ವಿಜ್ಞಾನಿಯ ಕೆಲಸದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕು. ನೊಬೆಲ್ ಬಂದವರನ್ನೆಲ್ಲ ಮುಂದಿನ ಬೆಂಚಿನವರು ಮೊದಲೇ ಹಿಡಿದುಕೊಂಡರು. ನನಗೆ ಉಳಿದದ್ದು ರಾಸ್ಕೋ ಬ್ರೇಡಿ. ಓದುತ್ತಾ ಹೋದ ಮೇಲೆ ಇವರೇ ಸಿಕ್ಕಿದ್ದು ಒಳ್ಳೆಯದಾಯ್ತು ಅನಿಸಿದೆ. ಆದರೆ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು. ಬ್ರೇಡಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸ್ಯಾಮ್ಯುಯೆಲ್ ಗುರಿನ್ ಜೊತೆ ಇದ್ದಾಗ, ಪಾರಿವಾಳದ ಲಿವರ್ ಅರೆದ ರಸದಲ್ಲೇ ಕೊಬ್ಬಿನಾಮ್ಲ ತಯಾರಾಗುತ್ತದೆ ಅಂತ ತೋರಿಸಿದರು. ಅದು 1952. ನಡುವೆ ಎರಡು ವರ್ಷ ನೌಕಾಪಡೆ. 1954ರಲ್ಲಿ ಬೆಥೆಸ್ಡಾದಲ್ಲಿರುವ ಅಮೆರಿಕ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಸೇರಿದರು. 1958ರ ಹೊತ್ತಿಗೂ ಕೊಬ್ಬಿನಾಮ್ಲ ಕಟ್ಟಲು ಬೇಕಾದ ಮಲೋನೈಲ್ ಕೋಎ ಬಗ್ಗೆಯೇ ಬರೆಯುತ್ತಿದ್ದರು. ಆಮೇಲೆ 1965ಕ್ಕೆ ನೋಡಿದರೆ, ಗುಲ್ಮ, ಲಿವರಿನಲ್ಲಿ ಕೊಬ್ಬಿನಂಥ ವಸ್ತು ತುಂಬಿಕೊಳ್ಳುವ ಆನುವಂಶಿಕ ಗೌಚರ್ ಕಾಯಿಲೆಯ ಕಿಣ್ವ! ಇಷ್ಟು ದೊಡ್ಡ ಜಿಗಿತ ಹೇಗೆ?

ಎರಡನೆಯದು. ಯಾವ ಕಿಣ್ವ ಕೈಕೊಟ್ಟಿದೆ ಅಂತ 1965ರಲ್ಲೇ ಗೊತ್ತಾಯಿತು. ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 1991ರಲ್ಲಿ. ನಡುವೆ 26 ವರ್ಷ! ಇನ್ಸುಲಿನ್ ಇಲ್ಲದವರಿಗೆ ಇನ್ಸುಲಿನ್ ಕೊಟ್ಟ ಹಾಗೆ ಕಿಣ್ವ ಕೊಟ್ಟರೆ ಆಯಿತು, ಅಲ್ವಾ?

ಅರೆಡಾಕ್ಟರ್

ಎರಡನೆಯದಕ್ಕೆ ಉತ್ತರ ಸುಲಭ. ದುಡ್ಡು. ಅಪರೂಪದ ಕಾಯಿಲೆಗೆ ಯಾವ ಕಂಪನಿ ಔಷಧ ಮಾಡುತ್ತದೆ? ಅಮೆರಿಕದಲ್ಲಿ ಅಂಥ ಕಾಯಿಲೆಗಳ ಔಷಧಕ್ಕೆ ರಿಯಾಯಿತಿ ಕೊಡುವ ಕಾನೂನು ಬಂದದ್ದೇ 1983ರಲ್ಲಿ. ಅದನ್ನು ಒಂದು ಸ್ಲೈಡ್ ಹಾಕಿ, ಮುಗಿಯಿತು.

ಹಳೇ_ಫನೆಲ್

ದುಡ್ಡಿನ ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ಮುಗಿಸಿದರೆ ಕಥೆಯ ಒಳ್ಳೆಯ ಭಾಗವೇ ಹೋಗಿಬಿಡುತ್ತದೆ.

ಮೊದಲು ಒಂದು ಸಣ್ಣ ವಿಷಯ. ಅದು ಗೌಚರ್ ಅಲ್ಲ, ಗೋಶೇ. ಫ್ರೆಂಚ್ ಹೆಸರು. ಫಿಲಿಪ್ ಗೋಶೇ 1882ರಲ್ಲಿ ಊದಿದ ಗುಲ್ಮದೊಳಗೆ ದಪ್ಪ ದಪ್ಪ ಜೀವಕೋಶ ನೋಡಿ, ಇದು ಕ್ಯಾನ್ಸರ್ ಗೆಡ್ಡೆ ಅಂದುಕೊಂಡಿದ್ದ. ನಾನೂ ಲ್ಯಾಬ್ ಮೀಟಿಂಗಿನಲ್ಲಿ ಅರ್ಧ ಗಂಟೆ ಗೌಚರ್ ಗೌಚರ್ ಅಂತ ಹೇಳಿ ಕೂತ ಮೇಲೆ, ಎದ್ದ ಮೊದಲ ಕೈ ಪ್ರಶ್ನೆ ಕೇಳಲಿಲ್ಲ, ಉಚ್ಚಾರಣೆ ತಿದ್ದಿತು. ನಿಮಗೆ ಹಾಗಾಗುವುದು ಬೇಡ.

ಇಪ್ಪತ್ತೆಂಟು ವರ್ಷ ಲಿಪಿಡ್ (ಕೊಬ್ಬಿನ ಜಾತಿಯ ವಸ್ತು) ಲ್ಯಾಬಿನಲ್ಲಿ ಟೆಕ್ನಿಷಿಯನ್ ಆಗಿದ್ದವನು ನಾನು. ಹಾಗಾಗಿ ಕೈಕೆಲಸದ ಕಡೆಯಿಂದಲೇ ಹೇಳುತ್ತೇನೆ. ಬ್ರೇಡಿ ದಾರಿ ಬದಲಿಸಿದರು ಅನ್ನುವುದನ್ನೇ ನಾನು ಒಪ್ಪುವುದಿಲ್ಲ. ವಿಷಯ ಬದಲಾಯಿತು, ಕೈ ಬದಲಾಗಲಿಲ್ಲ. ಪಾರಿವಾಳದ ಲಿವರಿನಲ್ಲಿ ಅವರು ಮಾಡಿದ್ದೇನು? ವಿಕಿರಣ ಸೂಸುವ ಕಾರ್ಬನ್-14 ಗುರುತು ಹಾಕಿದ ಅಸಿಟೇಟ್ ಕೊಟ್ಟು, ಆ ಗುರುತು ಕೊನೆಗೆ ಎಲ್ಲಿ ಸೇರಿತು ಅಂತ ಹುಡುಕಿದ್ದು. ಗೋಶೇ ಕಾಯಿಲೆಯಲ್ಲಿ ಮಾಡಿದ್ದೂ ಅದನ್ನೇ.

ಗೋಶೇ ರೋಗಿಗಳ ಗುಲ್ಮದಲ್ಲಿ ತುಂಬಿಕೊಳ್ಳುವುದು ಗ್ಲೂಕೋಸೆರೆಬ್ರೊಸೈಡ್ ಅನ್ನುವ, ಗ್ಲೂಕೋಸ್ ಅಂಟಿದ ಲಿಪಿಡ್ ಅಂತ 1934ರಲ್ಲೇ ಗೊತ್ತಿತ್ತು. ಯಾಕೆ ತುಂಬುತ್ತದೆ ಅಂತ ಗೊತ್ತಿರಲಿಲ್ಲ. ಬಚ್ಚಲಲ್ಲಿ ನೀರು ನಿಂತಿದೆ ಅಂದುಕೊಳ್ಳಿ. ನಲ್ಲಿ ಜಾಸ್ತಿ ತಿರುಗಿಸಿದ್ದಾರೋ, ತೂಬು ಕಟ್ಟಿದೆಯೋ? ನಿಂತ ನೀರನ್ನು ಎಷ್ಟು ಅಳೆದರೂ ಅದು ತಿಳಿಯುವುದಿಲ್ಲ. ಬ್ರೇಡಿ ಮತ್ತು ಎಬರ್‌ಹಾರ್ಡ್ ಟ್ರಾಮ್ಸ್ ರೋಗಿಗಳ ಗುಲ್ಮದ ತೆಳು ಹೋಳುಗಳಿಗೆ ಗುರುತು ಹಾಕಿದ ಸಕ್ಕರೆ ಕೊಟ್ಟು ನೋಡಿದರು. ಲಿಪಿಡ್ ತಯಾರಾಗುವುದರಲ್ಲಿ ಏನೂ ತಪ್ಪು ಕಾಣಲಿಲ್ಲ. ಅಂದರೆ ನಲ್ಲಿ ಸರಿಯಾಗಿಯೇ ಇದೆ. ತೂಬು ನೋಡಬೇಕು.

ಆದರೆ ತೂಬು ನೋಡಬೇಕಾದರೆ ಗ್ಲೂಕೋಸೆರೆಬ್ರೊಸೈಡಿಗೇ ಗುರುತು ಹಾಕಿರಬೇಕು. ಅದು ಬಾಟಲಿಯಲ್ಲಿ ಸಿಗುವ ವಸ್ತು ಆಗಿರಲಿಲ್ಲ. ಈ ಲಿಪಿಡ್‌ಗಳನ್ನು ಕೈಯಾರೆ ಕಟ್ಟಬಲ್ಲವರು ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಡೇವಿಡ್ ಶಪಿರೊ. ಅವರ ನೆರವಿನಿಂದ ಗುರುತಿನ ಲಿಪಿಡ್ ತಯಾರಾಯಿತು. ಜೂಲಿಯನ್ ಕ್ಯಾನ್ಫರ್ ಕೂಡ ಈ ಕೆಲಸದಲ್ಲಿದ್ದರು. ಗೋಶೇ ಇಲ್ಲದವರ ಗುಲ್ಮದಲ್ಲಿ ಗ್ಲೂಕೋಸ್ ಕತ್ತರಿಸಿ ಬಿತ್ತು. ಗೋಶೇ ರೋಗಿಗಳ ಗುಲ್ಮದಲ್ಲಿ ತುಂಬಾ ಕಡಿಮೆ. ಪೂರ್ತಿ ಸೊನ್ನೆ ಅಲ್ಲ, ಇದನ್ನು ಗುರುತು ಹಾಕಿಕೊಳ್ಳಿ. ಸೆಮಿನಾರಿನಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ.

ಈ ಥರದ ಪರೀಕ್ಷೆಯನ್ನು ನಮ್ಮ ಲ್ಯಾಬಿನಲ್ಲಿ ನಾನೂ ಎಷ್ಟೋ ಸಲ ಮಾಡಿದ್ದೇನೆ. ಕ್ಲೋರೋಫಾರ್ಮ್ ಎರಡು ಪಾಲು, ಮೆಥನಾಲ್ ಒಂದು ಪಾಲು, ಸ್ವಲ್ಪ ನೀರು. ಕುಲುಕಿ ಬಿಟ್ಟರೆ ಎರಡು ಪದರ ಆಗುತ್ತದೆ. ಒಡೆಯದ ಲಿಪಿಡ್ ಕೆಳಗಿನ ಕ್ಲೋರೋಫಾರ್ಮಿಗೆ, ಬಿಡುಗಡೆಯಾದ ಗ್ಲೂಕೋಸ್ ಮೇಲಿನ ನೀರಿಗೆ. ಮೇಲಿನದನ್ನು ತೆಗೆದು ವಿಕಿರಣ ಅಳೆಯುವ ಕೌಂಟರಿಗೆ ಹಾಕಿದರೆ ಕಿಣ್ವ ಎಷ್ಟು ಕೆಲಸ ಮಾಡಿದೆ ಅಂತ ತಿಳಿಯುತ್ತದೆ. ಕೇಳಲು ಸುಲಭ. ಒಮ್ಮೆ ಗಾಜಿನ ಟ್ಯೂಬ್ ಖಾಲಿಯಾಗಿದೆ ಅಂತ ಪ್ಲಾಸ್ಟಿಕ್ ಟ್ಯೂಬಿನಲ್ಲಿ ಕ್ಲೋರೋಫಾರ್ಮ್ ಸುರಿದೆ. ಆಮೇಲೆ ಲಿಪಿಡ್ ಬೇರ್ಪಡಿಸಿ ನೋಡುವ ಟಿಎಲ್‌ಸಿ ತಟ್ಟೆಗೆ ಅಯೋಡಿನ್ ಹೊಗೆ ಹಿಡಿದರೆ, ಹಿಂದೆಂದೂ ನೋಡದ ಹಳದಿ ಚುಕ್ಕೆ! ಹೊಸ ಲಿಪಿಡ್ ಸಿಕ್ಕಿತು ಅಂತ ಎರಡು ವಾರ ನೆಲದ ಮೇಲೆ ನಿಲ್ಲಲಿಲ್ಲ ನಾನು. ಕೊನೆಗೆ ನೋಡಿದರೆ ಅದು ಟ್ಯೂಬಿನಿಂದಲೇ ಕರಗಿ ಬಂದ ಪ್ಲಾಸ್ಟಿಕ್.

ಮಾತು ಎಲ್ಲೋ ಹೋಯಿತು. ಒಂದು ತೂಬು ಸಿಕ್ಕ ಮೇಲೆ ಉಳಿದವು ಬೇಗ ಬೇಗ ಸಿಕ್ಕವು. 1966ರಲ್ಲಿ ನೀಮನ್-ಪಿಕ್, 1967ರಲ್ಲಿ ಫ್ಯಾಬ್ರಿ, ಎರಡೂ ಇದೇ ಥರ ಲಿಪಿಡ್ ತುಂಬುವ ಕಾಯಿಲೆಗಳು. ಅದೇ ವರ್ಷ, ರಕ್ತದ ಬಿಳಿ ಕಣಗಳಲ್ಲೇ ಕಿಣ್ವ ಅಳೆಯಬಹುದು ಅಂತಲೂ ತೋರಿಸಿದರು. ನನ್ನ ಲೆಕ್ಕದಲ್ಲಿ ಇದು ಔಷಧದಷ್ಟೇ ದೊಡ್ಡದು. ಕಾಯಿಲೆ ಹೌದೋ ಅಲ್ಲವೋ ಅಂತ ತಿಳಿಯಲು ಒಂದು ಸಿರಿಂಜ್ ರಕ್ತ ಸಾಕಾಯಿತು.

ಇನ್ನು ನಿಮ್ಮ 26 ವರ್ಷ. ಇನ್ಸುಲಿನ್ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಇನ್ಸುಲಿನ್ ಜೀವಕೋಶದ ಬಾಗಿಲು ತಟ್ಟಿದರೆ ಸಾಕು, ಒಳಗೆ ಕೆಲಸ ಶುರುವಾಗುತ್ತದೆ. ಈ ಕಿಣ್ವ ಒಳಗೇ ಹೋಗಬೇಕು. ಅದೂ ಯಾವುದೋ ಜೀವಕೋಶ ಅಲ್ಲ, ಮ್ಯಾಕ್ರೋಫೇಜ್. ಅದರೊಳಗೂ ಅರಗಿಸುವ ಚೀಲವಾದ ಲೈಸೋಸೋಮಿಗೇ. ಯಾಕೆಂದರೆ ಹಳೆಯ ರಕ್ತಕಣಗಳನ್ನು ತಿಂದು ಅರಗಿಸುವವರು ಮ್ಯಾಕ್ರೋಫೇಜ್‌ಗಳೇ, ಆ ಕಣಗಳ ಪೊರೆಯ ಲಿಪಿಡ್ ಅರಗದೆ ಉಳಿಯುವುದೂ ಅಲ್ಲೇ.

ಮಾನವ ಪ್ಲಾಸೆಂಟಾದಿಂದ (ಹೆರಿಗೆಯ ಮಾಸು) ಕಿಣ್ವ ತೆಗೆದು 1974ರಲ್ಲಿ ಇಬ್ಬರು ರೋಗಿಗಳಿಗೆ ಕೊಟ್ಟರು. ಲಿವರಿನ ಗ್ಲೂಕೋಸೆರೆಬ್ರೊಸೈಡ್ ಶೇ. 26ರಷ್ಟು ಇಳಿಯಿತು. ಎಲ್ಲರಿಗೂ ಖುಷಿ. ಆದರೆ ಹೆಚ್ಚು ಕಿಣ್ವ ಬೇಕು ಅಂತ ಬೇರೆ ವಿಧಾನದಲ್ಲಿ ಶುದ್ಧ ಮಾಡಿ ಕೊಟ್ಟಾಗ ಅಂಥ ಫಲ ಸಿಗಲಿಲ್ಲ. ಕಿಣ್ವ ಲಿವರಿಗೆ ಹೋಗುತ್ತಿತ್ತು, ಆದರೆ ಅಲ್ಲಿನ ಸಾಮಾನ್ಯ ಜೀವಕೋಶಗಳೇ ಅದನ್ನು ಎಳೆದುಕೊಳ್ಳುತ್ತಿದ್ದವು. ಪಕ್ಕದ ಮ್ಯಾಕ್ರೋಫೇಜ್ ಉಪವಾಸ.

ಇದಕ್ಕೆ ಸುಳಿವು ಅದೇ ಎನ್‌ಐಎಚ್‌ನಲ್ಲಿ ಗಿಲ್ಬರ್ಟ್ ಆಶ್ವೆಲ್ ಅವರ ಕೆಲಸದಲ್ಲಿತ್ತು. ಪ್ರೋಟೀನಿಗೆ ಅಂಟಿದ ಸಕ್ಕರೆ ಸರಪಳಿಯ ತುದಿ ನೋಡಿ ಜೀವಕೋಶ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತುದಿಯಲ್ಲಿ ಗ್ಯಾಲಕ್ಟೋಸ್ ಇದ್ದರೆ ಲಿವರ್ ಕೋಶಕ್ಕೆ, ಮ್ಯಾನೋಸ್ ಇದ್ದರೆ ಮ್ಯಾಕ್ರೋಫೇಜ್‌ಗೆ. ಬ್ರೇಡಿಯ ತಂಡ ಮೂರು ಬೇರೆ ಕಿಣ್ವಗಳಿಂದ ಆ ಸರಪಳಿಯನ್ನು ಒಂದೊಂದೇ ಕತ್ತರಿಸಿತು. ಮೊದಲು ಸಿಯಾಲಿಕ್ ಆಮ್ಲ, ಆಮೇಲೆ ಗ್ಯಾಲಕ್ಟೋಸ್, ಆಮೇಲೆ ಎನ್-ಅಸಿಟೈಲ್‌ಗ್ಲೂಕೋಸಮೈನ್. ಅಡಿಯಲ್ಲಿದ್ದ ಮ್ಯಾನೋಸ್ ಹೊರಗೆ ಬಂತು. ವಿಳಾಸ ತಿದ್ದಿದ ಕಾಗದದ ಹಾಗೆ.

ಅದಾದ ಮೇಲೂ ಸುಲಭವಾಗಲಿಲ್ಲ. ಕೆಲವು ರೋಗಿಗಳಿಗೆ ವಾರಕ್ಕೊಮ್ಮೆ ಕೊಟ್ಟರು. ಗುಣ ಕಂಡದ್ದು ಒಬ್ಬ ಪುಟ್ಟ ಹುಡುಗನಿಗೆ ಮಾತ್ರ. ಅವನ ಹಿಮೋಗ್ಲೋಬಿನ್ ಏರಿತು. ನಿಲ್ಲಿಸಿದರೆ ಇಳಿಯಿತು, ಮತ್ತೆ ಕೊಟ್ಟರೆ ಏರಿತು. ಅವನಿಗೇ ಯಾಕೆ? ಮೈ ಚಿಕ್ಕದು, ಹಾಗಾಗಿ ತೂಕದ ಲೆಕ್ಕದಲ್ಲಿ ಅವನಿಗೆ ಸಿಕ್ಕ ಪ್ರಮಾಣ ಜಾಸ್ತಿ! ನನಗೆ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಜಾಗ ಇದು. ಉಳಿದವರ ಫಲಿತಾಂಶ ನೋಡಿ ಕಡತ ಮುಚ್ಚಿಬಿಡಬಹುದಿತ್ತು. ಪ್ರಮಾಣ ಏರಿಸಿದರು. ಪ್ರತಿ ಕಿಲೋಗೆ 60 ಯೂನಿಟ್, ಎರಡು ವಾರಕ್ಕೊಮ್ಮೆ, 12 ರೋಗಿಗಳು. ಹನ್ನೆರಡೂ ಜನರ ಹಿಮೋಗ್ಲೋಬಿನ್ ಏರಿತು, ಗುಲ್ಮ ಕುಗ್ಗಿತು. ಒಪ್ಪಿಗೆ ಸಿಕ್ಕಿದ್ದು 1991ರಲ್ಲಿ. ಒಬ್ಬ ರೋಗಿಯ ಒಂದು ವರ್ಷದ ಔಷಧಕ್ಕೆ ಸಾವಿರಾರು ಪ್ಲಾಸೆಂಟಾ ಬೇಕಿತ್ತು. 1994ರಲ್ಲಿ, ಹ್ಯಾಮ್‌ಸ್ಟರ್ ಜೀವಕೋಶಗಳಲ್ಲಿ ಬೆಳೆಸಿದ ಕಿಣ್ವ ಬಂದ ಮೇಲೆ ಆ ತಾಪತ್ರಯ ತಪ್ಪಿತು.

ಎರಡು_ವಾರಕ್ಕೊಮ್ಮೆ

ಫನೆಲ್ ಸರ್, ಆ 12 ಜನರ ನಂತರ ಅಂಥದ್ದೇ ಕಿಣ್ವವನ್ನು ಡ್ರಿಪ್‌ನಲ್ಲಿ ಪಡೆಯುತ್ತಿರುವವಳು ನಾನು. ಟೈಪ್ 1 ಗೋಶೇ. ನನ್ನ ಅಡ್ಡಹೆಸರು ಯಾಕೆ ಹೀಗಿದೆ ಅಂತ ಈಗ ಗೊತ್ತಾಗಿರಬೇಕು.

ಚಿಕ್ಕವಳಿದ್ದಾಗ ನನ್ನ ಹೊಟ್ಟೆ ಮುಂದಕ್ಕೆ ಬಂದಿತ್ತು. ಮುಟ್ಟಿದರೆ ಮೈಯೆಲ್ಲ ನೀಲಿ ಕಲೆ. ಒಬ್ಬ ಡಾಕ್ಟರ್ ರಕ್ತದ ಕ್ಯಾನ್ಸರ್ ಇರಬಹುದು ಅಂದುಬಿಟ್ಟರು. ಅಮ್ಮ ಆ ವಾರ ಅಡುಗೆಮನೆಯಲ್ಲಿ ಸುಮ್ನೆ ನಿಂತೇ ಇರುತ್ತಿದ್ದದ್ದು ನೆನಪಿದೆ. ಆಮೇಲೆ ಮೂಳೆಮಜ್ಜೆ ನೋಡಿದ ಇನ್ನೊಬ್ಬರು, ಈ ಜೀವಕೋಶ ಸುಕ್ಕಾದ ತೆಳು ಕಾಗದದ ಹಾಗೆ ಕಾಣುತ್ತಿದೆಯಲ್ಲ ಅಂದರು. ಬಿಳಿ ಕಣದ ಕಿಣ್ವ ಪರೀಕ್ಷೆಯಲ್ಲಿ ಖಚಿತವಾಯಿತು. ಸರ್ ಹೇಳಿದ ಆ ಒಂದು ಸಿರಿಂಜ್ ರಕ್ತ.

ಸೆಮಿನಾರಿನಲ್ಲಿ ಇದನ್ನೂ ಸೇರಿಸಿ: ಇದು ಗುಣವಾಗುವುದಲ್ಲ. ಜೀನ್ ಹಾಗೇ ಇರುತ್ತದೆ. ಡ್ರಿಪ್ ತಪ್ಪಿದರೆ ನನಗೆ ಮೊದಲು ತಿಳಿಯುವುದು ಮೂಳೆಯಲ್ಲಿ.

ಕೊನೆಬೆಂಚು_ಕಿಣ್ವ

ಅಕ್ಕಾ, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕೊನೆಯ ಎರಡು ಸಾಲನ್ನು ನಿಮ್ಮ ಹೆಸರಿಲ್ಲದೆ ಹೇಳಬಹುದಾ?

ಫನೆಲ್ ಸರ್, ಇನ್ನೊಂದೇ ಪ್ರಶ್ನೆ. ಮಿದುಳಿಗೂ ತಾಗುವ ಟೈಪ್ 2, ಟೈಪ್ 3 ಇದೆಯಲ್ಲ, ಅಲ್ಲಿ ಕಿಣ್ವ ಏನು ಮಾಡುತ್ತದೆ?

ಹಳೇ_ಫನೆಲ್

ಮಿದುಳಿನ ಮಟ್ಟಿಗೆ ಏನೂ ಮಾಡುವುದಿಲ್ಲ. ರಕ್ತದಿಂದ ಮಿದುಳಿಗೆ ಹೋಗುವ ಗೋಡೆ ದಾಟಲು ಈ ಪ್ರೋಟೀನ್ ತುಂಬಾ ದೊಡ್ಡದು. ಟೈಪ್ 3ರಲ್ಲಿ ಗುಲ್ಮ, ಲಿವರ್ ಸುಧಾರಿಸುತ್ತವೆ. ಟೈಪ್ 2ರ ಮಕ್ಕಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಬ್ರೇಡಿ ಬದುಕಿದ್ದಷ್ಟು ಕಾಲ ಆ ಗೋಡೆ ಹಾಗೇ ಇತ್ತು. ಅವರು ತೀರಿಕೊಂಡದ್ದು 2016ರಲ್ಲಿ.

ಬೇರೆ ದಾರಿಯನ್ನು ಮಿಶಿಗನ್‌ನ ನಾರ್ಮನ್ ರಾಡಿನ್ 1970ರ ದಶಕದಲ್ಲೇ ಹೇಳಿದ್ದರು. ತೂಬು ಬಿಡಿಸಲು ಆಗದಿದ್ದರೆ ನಲ್ಲಿಯನ್ನೇ ಸ್ವಲ್ಪ ಮುಚ್ಚಿ, ಅಂದರೆ ಲಿಪಿಡ್ ತಯಾರಾಗುವುದನ್ನೇ ಕಡಿಮೆ ಮಾಡಿ ಅಂತ. ಎಲಿಗ್ಲುಸ್ಟಾಟ್ ಮಾತ್ರೆ ಅದೇ ಯೋಚನೆಯಿಂದ ಬಂದದ್ದು, 2014ರಲ್ಲಿ. ಅದನ್ನೂ ಮಿದುಳು ಹೊರಕ್ಕೆ ತಳ್ಳುತ್ತದೆ ಅನ್ನುವುದು ಬೇರೆ ಸಂಕಟ.

ಎರಡು_ವಾರಕ್ಕೊಮ್ಮೆ

ಧಾರಾಳವಾಗಿ ಹೇಳಪ್ಪ. ಗೋಶೇ ಅಂತ ಸರಿಯಾಗಿ ಹೇಳು ಅಷ್ಟೇ.